ಕನೇಲಾಳ ಮದುವೆಗೆ ಅಂಪಾರೊ ಹೊಲಿದ ಉಡುಪು

ನಾಯಿಗಳಿಗೆ ಮದುವೆ ಮಾಡಿಸುವವರನ್ನು ಕಂಡು ನಮ್ಮ ಚಿಲಿ ಬೀದಿಯಲ್ಲಿ ಯಾರೂ ನಗುವುದಿಲ್ಲ. ನಗುತ್ತ ಕೂತರೆ ಹೊಟ್ಟೆಪಾಡು ನಡೆಯುವುದು ಹೇಗೆ? ಮೆಕ್ಸಿಕೋ ನಗರದಲ್ಲಿ ಮದುವೆಯ ಉಡುಪು ಬೇಕಾದವರು ಬರುವುದೇ ಈ ಬೀದಿಗೆ. ಆ ತುದಿಯಿಂದ ಈ ತುದಿಯವರೆಗೆ ಗಾಜಿನ ಹಿಂದೆ ತಲೆಯಿಲ್ಲದ ಗೊಂಬೆಗಳು ಬಿಳಿ ಉಡುಪು ತೊಟ್ಟು ನಿಂತಿರುತ್ತವೆ. ಅವುಗಳ ನಡುವೆ ಒತ್ತರಿಸಿಕೊಂಡಿರುವ ಗೂಡಂಗಡಿ ನನ್ನದು. ಗುಂಡಿ, ಹುಕ್ಕು, ಲೇಸು, ರಿಬ್ಬನ್ನು ಮಾರುತ್ತೇನೆ. ಮೂವತ್ತೊಂದು ವರ್ಷ ಅಲ್ಲಿ ಕೂತು ಎದುರಿನ ಮದುವೆ ಉಡುಪಿನ ಅಂಗಡಿಯನ್ನು ನೋಡಿದ್ದೇನೆ. ಆ ಅಂಗಡಿಯ ಅಂಪಾರೊಳ ವಿಷಯ ಹೇಳುತ್ತೇನೆ. ನಡುವೆ ನನಗೆ ಸಿಟ್ಟು ಬಂದರೆ ಅದು ನನ್ನ ಹಳೆಯ ಕಾಯಿಲೆ ಎಂದುಕೊಳ್ಳಿ.

ಅಂಪಾರೊ ತ್ಲಸ್ಕಾಲಾ ಕಡೆಯ ಹುಡುಗಿ. ಇಪ್ಪತ್ತಮೂರನೇ ವಯಸ್ಸಿಗೆ ಅಂಗಡಿಯ ಒಡತಿ, ನಾವೆಲ್ಲ ಗೌರವದಿಂದ ದೋನ್ಯಾ ಎನ್ನುವ ಕ್ಲೆಮೆನ್ಸಿಯಾಳ ಒಬ್ಬನೇ ಮಗ ನಬೋರ್‌ನನ್ನು ಮದುವೆಯಾಗಿ ಎದುರಿನ ಅಂಗಡಿಗೆ ಸೊಸೆಯಾಗಿ ಬಂದಳು. ಅವಳ ಮದುವೆಯ ಉಡುಪನ್ನು ಅತ್ತೆಯೇ ಹೊಲಿದಿದ್ದಳು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗುವ ಮೊದಲು ಆ ಮುದುಕಿ ಹೊಲಿದ ಕೊನೆಯ ಉಡುಪು ಅದು. ದಂತದ ಬಣ್ಣದ ಸ್ಯಾಟಿನ್, ಸೊಂಟಕ್ಕೆ ಎರಡು ಬೆರಳಗಲದ ರಿಬ್ಬನ್ನು, ಹಿಂದೆ ದೊಡ್ಡ ಗಂಟು. ಮದುವೆಯ ಮಾರನೆಯ ದಿನ ಅದನ್ನು ಒಗೆದು, ಇಸ್ತ್ರಿ ಮಾಡಿ, ಅಂಗಡಿಯ ಗಾಜಿನ ಕಪಾಟಿನಲ್ಲಿ ನಿಲ್ಲಿಸಿ "ಮಾರಾಟಕ್ಕಲ್ಲ" ಎಂದು ಚೀಟಿ ಅಂಟಿಸಿದಳು. ಆರು ವರ್ಷಕ್ಕೆ ನಬೋರ್ ಬಸ್ಸಿನ ಅಪಘಾತದಲ್ಲಿ ಸತ್ತ. ಮಕ್ಕಳಾಗಿರಲಿಲ್ಲ. ಉಡುಪು ಕಪಾಟಿನಲ್ಲೇ ಉಳಿಯಿತು, ಅಂಪಾರೊ ಅಂಗಡಿಯ ಅಟ್ಟದಲ್ಲಿ ಉಳಿದಳು.

ದೋನ್ಯಾ ಕ್ಲೆಮೆನ್ಸಿಯಾ ಕೆಟ್ಟವಳಲ್ಲ, ಅದೇ ಬಂದ ತೊಂದರೆ. ಬೈದಿದ್ದರೆ, ಕೈ ಎತ್ತಿದ್ದರೆ, ಅಂಪಾರೊ ಎಂದೋ ಗಂಟುಮೂಟೆ ಕಟ್ಟುತ್ತಿದ್ದಳು. ಮುದುಕಿ ಹಾಗೆ ಮಾಡಲಿಲ್ಲ. ಬಂದ ಗಿರಾಕಿಗಳಿಗೆಲ್ಲ "ಇವಳು ನನ್ನ ಮಗಳು, ನಬೋರ್ ನನಗೆ ಬಿಟ್ಟುಹೋದವಳು" ಎಂದು ಹೇಳುತ್ತಿದ್ದಳು. ಅಂಪಾರೊಳ ಹುಟ್ಟುಹಬ್ಬಕ್ಕೆ ಮರೆಯದೆ ಕೋಳಿ ಸಾರು ಮಾಡಿಸುತ್ತಿದ್ದಳು. ಶಟರಿನ ಬೀಗದ ಕೈ ಮಾತ್ರ ಅವಳ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಹತ್ತಕ್ಕೆ ಶಟರು ಮೇಲೆ, ಏಳಕ್ಕೆ ಕೆಳಗೆ. ಅಂಪಾರೊ ಎಲ್ಲಿಗಾದರೂ ಹೊರಟರೆ "ಹೋಗಿ ಬಾ ಮಗಳೇ, ನನಗೇನಾದ್ರೂ ಆದ್ರೆ ಎದುರಿನ ಚಾಯೋನ ಕರೀತೀನಿ" ಎನ್ನುತ್ತಿದ್ದಳು. ಚಾಯೋ ಎಂದರೆ ನಾನು, ಈ ಗುಂಡಿ ಮಾರುವವಳು. ಆ ಮಾತು ಕೇಳಿದ ಮೇಲೆ ಅಂಪಾರೊ ಹೋಗುತ್ತಿರಲಿಲ್ಲ. ಹೀಗೆ ಹದಿನೈದು ವರ್ಷ ಕಳೆಯಿತು.

ನಾಯಿಗಳ ಕೆಲಸ ಶುರುವಾದದ್ದು ಬಾಲಯೇಸುವಿನ ಬಟ್ಟೆಯಿಂದ. ಫೆಬ್ರವರಿ ಎರಡಕ್ಕೆ ನಮ್ಮಲ್ಲಿ ಮನೆಮನೆಯ ಬಾಲಯೇಸುವಿನ ಬೊಂಬೆಗೆ ಹೊಸ ಬಟ್ಟೆ ತೊಡಿಸಿ ಇಗರ್ಜಿಗೆ ಒಯ್ಯುತ್ತಾರೆ. ಅಂಪಾರೊ ಉಳಿದ ಚೂರುಗಳಲ್ಲಿ ಅಂಥ ಪುಟ್ಟ ನಿಲುವಂಗಿ ಹೊಲಿದು ಮಾರುತ್ತಿದ್ದಳು. ಒಂದು ವರ್ಷ ಯಾರೋ ಹೆಂಗಸು ಒಂದು ನಿಲುವಂಗಿಯನ್ನು ತನ್ನ ಚಿವಾವಾ ನಾಯಿಗೆ ತೊಡಿಸಿಕೊಂಡು, ಜನವರಿಯಲ್ಲಿ ಪ್ರಾಣಿಗಳಿಗೆ ಆಶೀರ್ವಾದ ಕೊಡುವ ಸಂತ ಅಂತೋನಿಯೊ ಹಬ್ಬಕ್ಕೆ ಹೋದಳು. ಮರುವಾರ ನಾಯಿ ಹಿಡಿದುಕೊಂಡು ನಾಲ್ಕು ಜನ ಬಂದರು. ಆಮೇಲೆ ಪ್ರೇಮಿಗಳ ದಿನದ ಹೊತ್ತಿಗೆ ನಾಯಿಗಳ ಮದುವೆಗಳು. ಈಗ ಮನುಷ್ಯರ ಮದುವೆಗಿಂತ ಅವೇ ಹೆಚ್ಚು, ಮುರಿದುಬೀಳುವುದೂ ಕಡಿಮೆ.

ನಾಯಿಗೆ ಉಡುಪು ಆರಿಸುವುದು ತಮಾಷೆಯಲ್ಲ. ಅದರ ಸೆಕೆಯೆಲ್ಲ ನಾಲಿಗೆಯಲ್ಲಿ ಹೋಗಬೇಕು, ಆದ್ದರಿಂದ ಕತ್ತಿನ ಸುತ್ತ ಬಿಗಿ ಇರಬಾರದು. ಬಲೆಬಟ್ಟೆ ಉಗುರಿಗೆ ಸಿಕ್ಕುತ್ತದೆ. ಗಂಡುನಾಯಿಯ ಕೋಟನ್ನು ಹೊಟ್ಟೆಯ ಹತ್ತಿರ ಗಿಡ್ಡ ಕತ್ತರಿಸದಿದ್ದರೆ ಮದುಮಗ ಮಂಟಪದಲ್ಲೇ ಅದನ್ನು ಒದ್ದೆ ಮಾಡಿಕೊಳ್ಳುತ್ತಾನೆ. ಅಂಪಾರೊಳದು ಇನ್ನೂ ಒಂದು ಪದ್ಧತಿ. ಮೂರು ಬಟ್ಟೆ ನೆಲಕ್ಕೆ ಹಾಸಿ ನಾಯಿಯನ್ನು ಬಿಡುತ್ತಿದ್ದಳು. ಚುಚ್ಚುವ ಬಟ್ಟೆ, ಬಿಸಿ ಹಿಡಿಯುವ ಬಟ್ಟೆಯ ಮೇಲೆ ನಾಯಿ ಮಲಗುವುದಿಲ್ಲ. ಯಾವುದರ ಮೇಲೆ ಮಲಗಿತೋ ಅದೇ ಉಡುಪು. ಯಜಮಾನಿಯರು ಎಷ್ಟು ಬೊಬ್ಬೆ ಹಾಕಿದರೂ ಅವಳು ಆ ಮಾತು ಬದಲಿಸುತ್ತಿರಲಿಲ್ಲ. ತನ್ನ ಬದುಕಿನಲ್ಲಿ ಒಂದನ್ನೂ ಆರಿಸಿಕೊಳ್ಳದವಳು ನಾಯಿಗಳಿಗೆ ಮಾತ್ರ ಆರಿಸುವ ಹಕ್ಕು ಕೊಟ್ಟಿದ್ದಳು.

ನಬೋರ್ ಸತ್ತ ಹದಿನೈದನೇ ವರ್ಷದ ಜನವರಿಯಲ್ಲಿ ದೋನ್ ಎವರಿಸ್ತೊ ತನ್ನ ನಾಯಿ ಕನೇಲಾಳನ್ನು ಕರೆದುಕೊಂಡು ಬಂದ. ಎರಡು ಬೀದಿ ಆಚೆ, ಸಾಂತೊ ದೊಮಿಂಗೊ ಚೌಕದ ಕಮಾನುಗಳ ಕೆಳಗೆ ಮದುವೆ ಕಾಗದ ಅಚ್ಚು ಹಾಕುವವನು. ಐವತ್ತು ದಾಟಿದ ಒಂಟಿ ಮನುಷ್ಯ, ಬೆರಳುಗಳ ಸಂದಿಯಲ್ಲಿ ಯಾವಾಗಲೂ ಶಾಯಿ. ಬೇರೆಯವರ ಮದುವೆಗೆ ಕಾಗದ ಅಚ್ಚು ಹಾಕಿ ಹಾಕಿ ತನ್ನದನ್ನು ಮರೆತವನೆಂದು ನಾವು ಕೀಟಲೆ ಮಾಡುತ್ತಿದ್ದೆವು. ಕನೇಲಾ ದಾಲ್ಚಿನ್ನಿ ಬಣ್ಣದ ಬೀದಿನಾಯಿ, ಒಂದು ಕಿವಿ ಮಡಚಿದ್ದು. ತಮಾಲೆ ಕಡುಬು ಮಾರುವ ದೋನ್ಯಾ ಬೆನೀತಾಳ ಗಂಡುನಾಯಿ ಬೊಲೀಯೊ ಜೊತೆ ಅವಳ ಮದುವೆ ನಿಶ್ಚಯವಾಗಿತ್ತು.

"ಬಿಳಿ ತೋರ್ಸಿ" ಎಂದ ಎವರಿಸ್ತೊ.

ಒಳಗಿನ ಕುರ್ಚಿಯಿಂದ ಮುದುಕಿ ಕೂಗಿದಳು. "ಎರಡು ಸಲ ಮರಿ ಹಾಕಿದವಳಿಗೆ ಬಿಳಿ ಯಾಕ್ರೀ, ದೋನ್ ಎವರಿಸ್ತೊ? ನೀಲಿ ತಗೊಳ್ಳಿ, ಕೊಳೆ ಕಾಣಲ್ಲ."

"ಎರಡನೇ ಸಲ ಮದುವೆ ಆಗೋರು ಬಿಳಿ ಉಡಬಾರದು ಅಂತ ಎಲ್ಲಿ ಬರೆದಿದೆ, ದೋನ್ಯಾ?"

"ನಾಯಿ ವಿಷಯ ತಾನೇ ಹೇಳ್ತಿರೋದು?"

"ಅಯ್ಯೋ, ನಾಯಿ ವಿಷಯವೇ" ಎಂದ ಅವನು, ಅಂಪಾರೊಳ ಕಡೆ ನೋಡಿಕೊಂಡು.

ಅಂಪಾರೊ ಮೂರು ಬಟ್ಟೆ ಹಾಸಿದಳು. ಕನೇಲಾ ಮೊದಲನೆಯದನ್ನು ಮೂಸಿದಳು, ಎರಡನೆಯದನ್ನು ದಾಟಿದಳು, ಮೂರನೆಯದರ ಸುತ್ತ ಒಂದು ಸುತ್ತು ಹಾಕಿದಳು. ಕೊನೆಗೆ ಹೋಗಿ ಅಂಪಾರೊಳ ಪಾದಗಳ ಮೇಲೆ ಮಲಗಿಬಿಟ್ಟಳು.

"ಅವಳು ಆರಿಸಿಕೊಂಡ್ಳು ನೋಡಿ" ಎಂದವನೇ ಎವರಿಸ್ತೊ ಕಿವಿಯವರೆಗೆ ಕೆಂಪಾದ. ನಾನು ಲೇಸು ಕೊಡುವ ನೆಪದಲ್ಲಿ ಅಲ್ಲೇ ಇದ್ದೆ. ಅಂಪಾರೊ ನಕ್ಕಳು. ಅವಳು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ಎಷ್ಟೋ ವರ್ಷದ ಮೇಲೆ ನೋಡಿದೆ.

ಆಮೇಲೆ ಮೂರು ವಾರದಲ್ಲಿ ಅವನು ಏಳು ಸಲ ಬಂದ. ಒಮ್ಮೆ ತೋಳು ಉದ್ದವಾಯಿತೆಂದ, ಒಮ್ಮೆ ಬಾಲದ ತೂತು ಎತ್ತರವಾಯಿತೆಂದ. ಒಮ್ಮೆ ನಾಯಿಯನ್ನೇ ಮರೆತು ಬಂದು ಅಳತೆ ಕೊಡಬೇಕೆಂದ. "ಯಾರ ಅಳತೆ ಕೊಡ್ತೀರಿ, ನಿಮ್ದಾ?" ಎಂದು ನಾನು ಕೇಳಿದರೆ ಬೀದಿಯೆಲ್ಲ ನಕ್ಕಿತು. ಬಿಳಿ ಬೇಡ, ದಂತದ ಬಣ್ಣವೇ ಕನೇಲಾಳ ಮೈಗೆ ಒಪ್ಪುತ್ತದೆ ಎಂದು ಅವರಿಬ್ಬರೂ ತಲೆ ಹತ್ತಿರ ಇಟ್ಟುಕೊಂಡು ತೀರ್ಮಾನಿಸಿದರು. ಅಂಪಾರೊ ಕೂದಲು ಬಾಚಿಕೊಳ್ಳುವ ರೀತಿ ಬದಲಾಯಿತು. ನನಗೆ ಖುಷಿಯಾಗಿತ್ತು ಎಂದು ಬಾಯಿಬಿಟ್ಟು ಹೇಳುತ್ತೇನೆ. ನನ್ನ ತಂಗಿಗೇ ಒಳ್ಳೆಯದಾದಷ್ಟು ಖುಷಿಯಾಗಿತ್ತು.

ಮುದುಕಿಗೆ ಕಣ್ಣು ಮಂಜಾಗಿತ್ತು, ಕಿವಿ ಮಂಜಾಗಿರಲಿಲ್ಲ. ಏಳನೇ ಭೇಟಿಯ ದಿನ, ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದಾಗ, ಕೋಲು ಊರಿಕೊಂಡು ಎದ್ದು ನಿಂತಳು.

"ದೋನ್ ಎವರಿಸ್ತೊ, ನಿಮ್ಮ ಮದುಮಗಳಿಗೆ ಉಡುಪಿನ ಧರ್ಮತಾಯಿ ಯಾರು?"

"ಇನ್ನೂ ಯೋಚಿಸಿಲ್ಲ, ದೋನ್ಯಾ."

"ಹೊಲಿದವಳು ಕಣ್ಣೆದುರಿಗೇ ಇದ್ದಾಳಲ್ಲ! ನಮ್ಮ ಅಂಪಾರೊ ಆಗ್ತಾಳೆ. ನಾಯಿ ಮದುವೆ ಅಂತ ತಾತ್ಸಾರ ಮಾಡಬಾರದು, ಎಲ್ಲಾ ಕ್ರಮವಾಗಿ ನಡೀಲಿ. ಏನಂತೀರಿ?"

ನಮ್ಮಲ್ಲಿ ಮದುವೆಯ ಒಂದೊಂದು ವಸ್ತುವಿಗೂ ಒಬ್ಬ ಧರ್ಮತಂದೆಯೋ ಧರ್ಮತಾಯಿಯೋ ಇರುತ್ತಾರೆ, ಉಂಗುರಕ್ಕೆ, ಕೇಕಿಗೆ, ಉಡುಪಿಗೆ. ಬಾಲಯೇಸುವಿನ ಬೊಂಬೆಗೆ ಬಟ್ಟೆ ತೊಡಿಸಿದವರಿಗೂ ಆ ಪಟ್ಟ ಉಂಟು. ಕೊಟ್ಟವರು ಮತ್ತು ಪಡೆದವರು ಅಂದಿನಿಂದ ಒಬ್ಬರಿಗೊಬ್ಬರು ಗಂಡಸಾದರೆ ಕೊಂಪಾದ್ರೆ, ಹೆಂಗಸಾದರೆ ಕೊಮಾದ್ರೆ. ರಕ್ತಸಂಬಂಧಕ್ಕಿಂತ ದೊಡ್ಡದು ಅದು. ಕೊಮಾದ್ರೆಯ ಮೇಲೆ ಕಣ್ಣು ಹಾಕಿದ ಗಂಡಸನ್ನು ಯಾರೂ ಮನೆಯೊಳಗೆ ಸೇರಿಸುವುದಿಲ್ಲ. ನಮ್ಮಜ್ಜಿಯ ಊರಿನ ದಾರಿಯಲ್ಲಿ ಎರಡು ಬಂಡೆ ನಿಂತಿವೆ. ಹಾಗೆ ತಪ್ಪಿ ನಡೆದ ಕೊಂಪಾದ್ರೆ, ಕೊಮಾದ್ರೆ ಕಲ್ಲಾದದ್ದು ಎಂದು ನನಗೆ ಐದು ವರ್ಷದಲ್ಲೇ ತೋರಿಸಿದ್ದರು.

ಎವರಿಸ್ತೊ ಇದನ್ನೆಲ್ಲ ಯೋಚಿಸಿದನೇ? ಇಲ್ಲ. ಅಂಪಾರೊಳ ಹೆಸರನ್ನು ಅಚ್ಚಿನಲ್ಲಿ ಜೋಡಿಸುವ ಅವಕಾಶ ಸಿಕ್ಕಿತೆಂದು ಹಿಗ್ಗಿ ಹೀರೇಕಾಯಿಯಾದ. "ನನ್ನ ಭಾಗ್ಯ!" ಎಂದುಬಿಟ್ಟ. ಅಂಪಾರೊ ಬಾಯಿ ತೆರೆದಳು, ಐದಾರು ಜನ ಚಪ್ಪಾಳೆ ತಟ್ಟಿದರು, ಬಾಯಿ ಮುಚ್ಚಿಕೊಂಡಳು. ಅಷ್ಟು ಜನರ ಮುಂದೆ ಧರ್ಮತಾಯಿಯಾಗಲು ಒಲ್ಲೆ ಎನ್ನುವುದು ಮುಖಕ್ಕೆ ಉಗಿದ ಹಾಗೆ.

ಗುರುವಾರ ಅವನು ಅಚ್ಚಾದ ಕಾಗದ ತಂದು ನನಗೂ ತೋರಿಸಿದ. ಕನೇಲಾ ಮತ್ತು ಬೊಲೀಯೊ, ಭಾನುವಾರ ಬೆಳಗ್ಗೆ ಹತ್ತಕ್ಕೆ, ಚೌಕದ ಕಾರಂಜಿಯ ಬಳಿ. ಅದರ ಕೆಳಗೆ ಚಿನ್ನದ ಅಕ್ಷರದಲ್ಲಿ, ಉಡುಪಿನ ಧರ್ಮತಾಯಿ ಅಂಪಾರೊ.

"ಎಂಥಾ ಕತ್ತೆ ಕೆಲಸ ಮಾಡಿದ್ರಿ!" ಎಂದೆ.

"ಯಾಕೆ? ಅಕ್ಷರ ತಪ್ಪಾಯ್ತಾ?"

"ಅಕ್ಷರ ಸರಿಯಾಗಿದೆ, ತಲೆ ಸರಿ ಇಲ್ಲ. ಭಾನುವಾರದಿಂದ ಅವಳು ನಿಮ್ಮ ಕೊಮಾದ್ರೆ. ಆಮೇಲೆ ಯಾವ ಬಾಯಲ್ಲಿ ಅವಳನ್ನ ಕೇಳ್ತೀರಿ?"

ಅವನ ಮುಖ ಸುಣ್ಣವಾಯಿತು. "ಚಾಯೋ, ಇದು ನಾಯಿ ಮದುವೆ..."

"ಹಂಗಂತ ಬೀದಿಗೆ ಹೇಳಿ ನೋಡೋಣ. ಮುದುಕಿಗೆ ಹೇಳಿ."

ಪಾಪ, ನನ್ನ ಸ್ಟೂಲಿನ ಮೇಲೆ ಕುಸಿದು ಕೂತ. ಕಾಗದ ಆಗಲೇ ಹಂಚಿಯಾಗಿತ್ತು. ಅಂಪಾರೊಳನ್ನು ಹುಕ್ಕು ಆರಿಸುವ ನೆಪದಲ್ಲಿ ನಾನು ಕರೆಸಿದೆ. ಮೂವರೂ ತಲೆ ಓಡಿಸಿದೆವು. ಧರ್ಮತಾಯಿಯಾಗುವುದು ಕಾಗದದಿಂದಲ್ಲ, ಮದುವೆಯ ದಿನ ತನ್ನ ಕೈಯಾರೆ ಉಡುಪು ತೊಡಿಸುವುದರಿಂದ. ಉಡುಪೇ ಸಿದ್ಧವಾಗದಿದ್ದರೆ? ಎವರಿಸ್ತೊ ಪಕ್ಕದ ಅಂಗಡಿಯಿಂದ ಒಂದನ್ನು ಮುಂಚೆಯೇ ಕೊಂಡಿಟ್ಟು ತಾನೇ ತೊಡಿಸಿಬಿಡುತ್ತಾನೆ. ಯಾರೂ ಯಾರಿಗೂ ಕೊಮಾದ್ರೆಯಲ್ಲ.

"ಸೋಮವಾರ ನನ್ನ ಅಕ್ಕನನ್ನ ಕರಕೊಂಡು ಬರ್ತೀನಿ" ಎಂದ ಅವನು, ಅಂಪಾರೊಳನ್ನೇ ನೋಡುತ್ತ. "ಕ್ರಮವಾಗಿ ಕೇಳ್ತೀನಿ. ನೀವು ಒಪ್ಪಿದ್ರೆ ನಿಮ್ಮತ್ತೆನೂ ನಮ್ಮ ಜೊತೆಗೇ ಇರಲಿ. ಭಾನುವಾರ ನೀವು 'ಆಗಿಲ್ಲ' ಅಂತ ಒಂದು ಮಾತು ಹೇಳಿ, ಸಾಕು."

"ಹೇಳ್ತೀನಿ" ಎಂದಳು ಅಂಪಾರೊ.

ಉಡುಪಿಗೆ ಬಾಕಿ ಇದ್ದದ್ದು ಎದೆಯ ಕೆಳಗೆ ಕಟ್ಟುವ ಪಟ್ಟಿಯೊಂದೇ. ದಂತದ ಬಣ್ಣದ ಎರಡು ಬೆರಳಗಲದ ರಿಬ್ಬನ್ನು ಅದಕ್ಕೆ ಬೇಕು. ನನ್ನಲ್ಲಿದ್ದ ಸುರುಳಿಯನ್ನು ಗುಂಡಿ ಡಬ್ಬಗಳ ಹಿಂದೆ ತುರುಕಿದೆ. ಭಾನುವಾರ ಬೆಳಗ್ಗೆ ಎಂಟೂವರೆಗೆ ಮುದುಕಿ ತಾನೇ ಕೋಲು ಊರಿಕೊಂಡು ಬೀದಿ ದಾಟಿ ಬಂದಳು.

"ರಿಬ್ಬನ್ ಕೊಡು ಚಾಯೋ, ಒಂದು ಮೀಟರ್."

"ಮುಗಿದಿದೆ, ದೋನ್ಯಾ."

"ಇಪ್ಪತ್ತೈದು ವರ್ಷದಲ್ಲಿ ನಿನ್ನಲ್ಲಿ ರಿಬ್ಬನ್ ಮುಗಿದದ್ದು ಇವತ್ತೇನಾ?"

"ಮುಗಿಯೋದು ಯಾವತ್ತಾದ್ರೂ ಒಂದಿನ ಮುಗೀಲೇಬೇಕಲ್ಲ."

ಅವಳು ಮಂಜುಗಣ್ಣನ್ನು ನನ್ನ ಮುಖದ ಕಡೆ ತಿರುಗಿಸಿದಳು. ನಾನು ಗೋಳಾಡುತ್ತಾಳೆ, ಬೈಯುತ್ತಾಳೆ ಎಂದು ಕಾದೆ. "ನನ್ನ ಕೈ ಹಿಡಿದು ಬೀದಿ ದಾಟಿಸೇ" ಎಂದಳು ಅಷ್ಟೆ. ದಾಟಿಸಿದೆ. ನಾನು ಅದಕ್ಕೂ ಕರಗಲಿಲ್ಲ. ಬೇರೆ ರಿಬ್ಬನ್ ಅಂಗಡಿಗಳು ತೆರೆಯುವುದು ಹನ್ನೊಂದಕ್ಕೆ.

ಮದುವೆಯ ದಿನವೆಂದು ಮುದುಕಿ ಶಟರನ್ನು ಬೇಗ ಎತ್ತಿಸಿದ್ದಳು, ಒಂಬತ್ತೂವರೆಗೆ ಎಲ್ಲರೂ ಬಂದರು. ಎವರಿಸ್ತೊ ಕಪ್ಪು ಕೋಟು ಹಾಕಿ, ಉಗುರಿನ ಶಾಯಿಯನ್ನು ತಿಕ್ಕಿ ತೊಳೆದುಕೊಂಡಿದ್ದ. ದೋನ್ಯಾ ಬೆನೀತಾ ಹೊಟ್ಟೆಯ ಹತ್ತಿರ ಗಿಡ್ಡ ಕತ್ತರಿಸಿದ ಕೋಟಿನ ಬೊಲೀಯೊನನ್ನು ಎಳೆದುಕೊಂಡು ಬಂದಳು. ಮುದ್ರಣದವರ ಸಂಘದ ನಾಲ್ಕೈದು ಜನ, ಇಬ್ಬರು ತುತ್ತೂರಿಯವರು. ಸಣ್ಣ ಅಂಗಡಿ ಗಿಜಿಗುಟ್ಟಿತು. ಕನೇಲಾ ಒಳಗೆ ಬಂದವಳೇ ಅಂಪಾರೊಳ ಪಾದಗಳ ಮೇಲೆ ಕೂತಳು.

ಎವರಿಸ್ತೊ ಗಂಟಲು ಸರಿಮಾಡಿಕೊಂಡ. "ಉಡುಪು ಆಯ್ತಾ, ಅಂಪಾರೊ?"

'ಆಗಿಲ್ಲ' ಎಂದರೆ ಆಗುತ್ತಿತ್ತು. ಮಗುವೂ ಹೇಳಬಹುದಾದ ಮಾತು. ನಾನು ಬಾಗಿಲಲ್ಲಿ ನಿಂತು ಅವಳ ಬಾಯಿಯನ್ನೇ ನೋಡುತ್ತಿದ್ದೆ. ಮುದುಕಿ ಕುರ್ಚಿಯಲ್ಲಿ ಕೂತು ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. ಅಂಪಾರೊ ಒಮ್ಮೆ ಅವನ ಕೋಟನ್ನು ನೋಡಿದಳು, ಒಮ್ಮೆ ಬೀದಿಯ ಕಡೆ ನೋಡಿದಳು. ಆಮೇಲೆ ಬಗ್ಗಿ ಮೇಜಿನ ಕೆಳಗಿನಿಂದ ಉಡುಪು ತೆಗೆದಳು.

"ಆಗಿದೆ, ಕೊಂಪಾದ್ರೆ" ಎಂದಳು.

ತುತ್ತೂರಿಯವರು ಊದಿಯೇಬಿಟ್ಟರು. ಅಂಪಾರೊ ಮಂಡಿಯೂರಿ ಕನೇಲಾಳ ಮುಂಗಾಲುಗಳನ್ನು ಒಂದೊಂದಾಗಿ ತೋಳಿನೊಳಗೆ ತೂರಿಸಿದಳು, ಬಾಲವನ್ನು ತೂತಿನಿಂದ ಹೊರಗೆಳೆದಳು, ಎದೆಯ ಕೆಳಗೆ ಪಟ್ಟಿ ಕಟ್ಟಿದಳು. ಆ ಪಟ್ಟಿಯ ರಿಬ್ಬನ್ನು ನನ್ನದಲ್ಲ. ಹಳೆಯದು, ಅಂಚು ಹಳದಿಗೆ ತಿರುಗಿದ್ದು. ನಾನು ತಲೆ ಎತ್ತಿ ಗಾಜಿನ ಕಪಾಟನ್ನು ನೋಡಿದೆ. "ಮಾರಾಟಕ್ಕಲ್ಲ" ಚೀಟಿಯ ಹಿಂದೆ ಅವಳ ಮದುವೆಯ ಉಡುಪು ಸೊಂಟದ ಪಟ್ಟಿಯಿಲ್ಲದೆ ಸಡಿಲವಾಗಿ ನೇತಾಡುತ್ತಿತ್ತು.

ಎವರಿಸ್ತೊ ಅದನ್ನು ಗಮನಿಸಲಿಲ್ಲ. ಅವನು ಗಮನಿಸುವ ಸ್ಥಿತಿಯಲ್ಲಿ ಇರಲಿಲ್ಲ. ಎಲ್ಲರೂ ನೋಡುತ್ತಿದ್ದರು, ಆದ್ದರಿಂದ ಕ್ರಮದಂತೆ ಅವಳ ಕೈ ಹಿಡಿದು, ಬಗ್ಗಿ, "ದೇವರು ನಿಮಗೆ ಒಳ್ಳೇದು ಮಾಡ್ಲಿ, ಕೊಮಾದ್ರೆ" ಎಂದ. ಮದುವೆ ನಡೆಯಿತು. ಮದುಮಗ ಕಾರಂಜಿಗೆ ಹಾರಿದ, ಎಲ್ಲರೂ ತಮಾಲೆ ತಿಂದರು. ನಾನು ತಿನ್ನಲಿಲ್ಲ. ಸೋಮವಾರ ಯಾರ ಅಕ್ಕನೂ ಬರಲಿಲ್ಲ.

ಮೂರು ತಿಂಗಳು ನಾನು ಅಂಪಾರೊಳ ಜೊತೆ ಮಾತು ಬಿಟ್ಟೆ. ಆಮೇಲೆ ಎದುರುಬದುರು ಕೂತು ಎಷ್ಟು ದಿನ ಮುಖ ತಿರುಗಿಸುವುದು ಎಂದು ನಾನೇ ಸೋತೆ. ಮುದುಕಿ ಇನ್ನೂ ಎರಡು ವರ್ಷ ಇದ್ದು, ಒಂದು ಮಧ್ಯಾಹ್ನ ಕುರ್ಚಿಯಲ್ಲೇ ಹೋದಳು. ಅಂಗಡಿಯನ್ನು ಸೊಸೆಯ ಹೆಸರಿಗೇ ಬರೆದಿಟ್ಟಿದ್ದಳು. ಸಮಾಧಿಯ ಹತ್ತಿರ ಎವರಿಸ್ತೊ ಟೋಪಿ ತೆಗೆದು ಕೈಯಲ್ಲಿ ಹಿಡಿದು, "ಧೈರ್ಯ ತಗೊಳ್ಳಿ, ಕೊಮಾದ್ರೆ" ಎಂದ. ಹೂವಿನ ದೊಡ್ಡ ಚಕ್ರವನ್ನೂ ತಂದಿದ್ದ. ಕೊಂಪಾದ್ರೆ ಮಾಡಬೇಕಾದದ್ದೆಲ್ಲ ಮಾಡಿದ.

ಪ್ರತಿ ಜನವರಿಯಲ್ಲಿ ಅವನು ಆಶೀರ್ವಾದದ ಹಬ್ಬಕ್ಕೆ ಕನೇಲಾಳಿಗೆ ಬಟ್ಟೆ ತೆಗೆದುಕೊಳ್ಳಲು ಬರುತ್ತಾನೆ. ಧರ್ಮತಾಯಿ ಇರುವಾಗ ಬೇರೆಲ್ಲಿಗೆ ಹೋಗುವುದು? ಈ ವರ್ಷವೂ ಬಂದಿದ್ದ. ಕನೇಲಾಳ ಮೂತಿ ಬೆಳ್ಳಗಾಗಿದೆ, ಸೊಂಟ ದಪ್ಪವಾಗಿದೆ. ಅಂಪಾರೊ ಮೂರು ಬಟ್ಟೆ ಹಾಸಿದಳು. ನಾಯಿ ಮೂರನ್ನೂ ಬಿಟ್ಟು, ನಿಧಾನಕ್ಕೆ ಬಂದು, ಅವಳ ಪಾದಗಳ ಮೇಲೆ ಮಲಗಿತು.

"ನಿಮ್ಮ ಮೇಲೆ ಅದಕ್ಕೆ ಬಹಳ ಅಕ್ಕರೆ, ಕೊಮಾದ್ರೆ" ಎಂದ ಎವರಿಸ್ತೊ. ಈಗ ಅವನ ಕಿವಿ ಕೆಂಪಾಗುವುದಿಲ್ಲ.

ಅವನು ಹೋದ ಮೇಲೆ ನನ್ನ ಸಿಟ್ಟು ಹೊಸದಾಗಿ ಹತ್ತಿಕೊಂಡಿತು. ಬೀದಿ ದಾಟಿ ಹೋದೆ.

"ಎಷ್ಟು ವರ್ಷದಿಂದ ಕೇಳ್ಬೇಕು ಅಂತಿದ್ದೆ. ಆ ರಿಬ್ಬನ್ ನಿನ್ನ ಕೈಗೆ ಕೊಟ್ಟಿದ್ದು ಮುದುಕೀನಾ? ನಿಜ ಹೇಳು. ಅವಳೇ ಕತ್ತರಿಸಿ ಕೊಟ್ಟಳಾ?"

"ಇಲ್ಲ, ಚಾಯೋ. ಅತ್ತೆ ನಿನ್ನ ಅಂಗಡಿಗೆ ಬಂದಿದ್ದಾಗ ನಾನೇ ಕತ್ತರಿಸಿದೆ."

"ಯಾಕೆ ಕಣೇ? ಯಾಕೆ?"

ಅವಳು ನೆಲದ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ಮಡಿಚಿದಳು. "ಹೆದರಿಕೆ ಆಯ್ತು. ಅಲ್ಲಿ, ಅವರ ಮನೇಲಿ, ಬೆಳಗ್ಗೆ ಎದ್ದು ಮೊದಲು ಏನು ಮಾಡ್ಬೇಕು ಅಂತ ಯೋಚನೆ ಮಾಡ್ದೆ. ಏನೂ ಹೊಳೀಲಿಲ್ಲ. ಹೊಳೀಲೇ ಇಲ್ಲ, ಚಾಯೋ."

"ಈಗಲೂ ಹೆದರಿಕೆಯಾ?" ಎಂದು ಕೇಳಿದೆ.

"ಈಗ ಇಲ್ಲ" ಎಂದಳು. "ಈಗ ಹೋಗಬಲ್ಲೆ. ಆದ್ರೆ ಈಗ ನಾನು ಅವರ ಕೊಮಾದ್ರೆ."

ಏಳು ಗಂಟೆಯಾಗಿತ್ತು. ಅವಳು ಸೊಂಟದಿಂದ ಬೀಗದ ಕೈ ತೆಗೆದು, ನಾನು ಹೊರಗೆ ಬರುವವರೆಗೆ ಕಾದು, ಒಳಗಿನಿಂದ ಶಟರು ಎಳೆದುಕೊಂಡಳು.